ಒಳ್ಳು

ಒಲೆ ಮುಂದೆ ಕೂತರೆ ನನ್ನ ಮಗಳು ಕೇಳುವುದು ಒಂದೇ ಕಥೆ: ನನ್ನ ಅಜ್ಜಿ, ಆಯಿ, ಹೆಜ್ಜೆ ಎಣಿಸಿದ ಕಥೆ. ಅದನ್ನು ಹೇಳಬೇಕೆಂದರೆ ಮಳೆಯಿಂದಲೇ ಶುರು ಮಾಡಬೇಕು.

ಸೀಗಿ ಹುಣ್ಣಿಮೆಗೆ ಎರಡು-ಮೂರು ದಿನ ಉಳಿದಿತ್ತು. ಚರಗ ಚೆಲ್ಲಲು ಹೋಗುವಾಗ ಹೋಳಿಗೆ ಮಾಡಬೇಕೆಂದು ಅವ್ವ ಶೇಂಗಾ ಹುರಿದಿಟ್ಟಿದ್ದಳು. 2009ರ ಅಕ್ಟೋಬರ್ 1ರ ರಾತ್ರಿ. ನನಗೆ ಹನ್ನೊಂದು ವರ್ಷ, ತಮ್ಮನಿಗೆ ಆರು.

ನಮ್ಮೂರು ಆಗಿನ ಬಿಜಾಪುರ ಜಿಲ್ಲೆಯ ತಾಳಿಕೋಟಿ ಕಡೆ, ಡೋಣಿ ಹೊಳೆಯ ದಂಡೆಗೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅನ್ನುವ ಎರೆಭೂಮಿ ಅದು. ಆ ಹೊಳೆಯೋ ಹೂಳು ತುಂಬಿ ಆಳವನ್ನೇ ಕಳೆದುಕೊಂಡಿದೆ. ದೊಡ್ಡ ಮಳೆಯಾದರೆ ಹೊಲ, ಹಾದಿ, ಊರು ಎನ್ನದೆ ಅಗಲಕ್ಕೆ ಹರಡುತ್ತದೆ. ನಮ್ಮದು ಮಣ್ಣಿನ ಮಾಳಿಗೆ ಮನೆ. ಬೇಸಿಗೆಯಲ್ಲಿ ಅದರಷ್ಟು ತಂಪು ಮತ್ತೆಲ್ಲೂ ಸಿಗದು. ಆದರೆ ಎರಡು ಹಗಲು, ಎರಡು ರಾತ್ರಿ ಮಳೆ ಕುಡಿದ ಮಣ್ಣು ಜಂತಿಗಳ ಮೇಲೆ ಹೇಗೆ ಕೂರುತ್ತದೆಂದು ಅವತ್ತು ಗೊತ್ತಾಯಿತು. ಆ ನೆರೆಯಲ್ಲಿ ರಾಜ್ಯದಾಗ ಇನ್ನೂರಕ್ಕೂ ಹೆಚ್ಚು ಜನ ಹೋದರು. ಎಷ್ಟೋ ಮಂದಿ ಹೊಳೆ ಪಾಲಾದವರಲ್ಲ, ಮಲಗಿದಲ್ಲೇ ಗೋಡೆ ಬಿದ್ದು ಸತ್ತವರು.

ನಮ್ಮನ್ನು ಉಳಿಸಿದ್ದು ಆಯಿಯ ಕಿವಿ. ಆಕೆಗೆ ಕಣ್ಣು ಮಂದವಾಗಿ ಎಂಟು ವರ್ಷ ಆಗಿತ್ತು. ಅಡುಗೆಮನೆ ನೆಲದಲ್ಲಿ ಹೂತಿದ್ದ ಕುಟ್ಟುವ ಕಲ್ಲು, ಒಳ್ಳೇ ಆಕೆಗೆ ಗುರುತು. ಕಾಲಿಗೆ ಅದರ ಅಂಚು ತಾಗಿತೆಂದರೆ ಅಲ್ಲಿಂದ ತಲಬಾಗಿಲಿಗೆ ಒಂಬತ್ತು ಹೆಜ್ಜೆ, ನೀರಿನ ಹರವಿಗೆ ನಾಕು. ಯಾರ ಕೈಯನ್ನೂ ಬೇಡದೆ ಓಡಾಡುತ್ತಿದ್ದಳು.

"ಏಳ್ರಿ ಎಲ್ಲಾರೂ, ಗ್ವಾಡಿ ಕರಕರ ಅನ್ನಾಕತ್ತೈತಿ" ಎಂದು ಆಯಿ ಕೂಗಿದಾಗ ಅಪ್ಪ ಎದ್ದು ನೆಲಕ್ಕೆ ಕಾಲಿಟ್ಟ, ನೀರಿತ್ತು. ಆಕೆಯನ್ನು ಬೆನ್ನ ಮೇಲೆ ಹೊತ್ತು, ಎತ್ತುಗಳ ಹಗ್ಗ ಬಿಚ್ಚಿಬಿಟ್ಟು, ದಿಬ್ಬದ ಮೇಲಿನ ಶಾಲೆಗೆ ಹೊರಟೆವು. ಮಳೆಯ ಸದ್ದಿನಲ್ಲಿ ಮನೆ ಬಿದ್ದ ಸದ್ದು ನಮಗೆ ಕೇಳಲಿಲ್ಲ.

ನೀರು ಇಳಿದ ಮೇಲೆ ಹೋಗಿ ನೋಡಿದರೆ ಮಣ್ಣಿನ ಗುಡ್ಡೆ. ನೆಲದೊಳಗಿನ ಹಗೇವಿಗೆ ನೀರು ಹೊಕ್ಕು ಜೋಳ ಕೊಳೆತಿತ್ತು. ಆ ಹುಳಿ ನಾತ ಇವತ್ತಿಗೂ ಮೂಗಿಗೆ ಬರುತ್ತದೆ. ಅವ್ವ ಅಳಲಿಲ್ಲ. ಹಾರೆ ತಂದು, ಮಣ್ಣು ಸರಿಸಿ, ಒಳ್ಳನ್ನು ಅಗೆದು ತೆಗೆಸಿದಳು.

"ಇದನ್ನ ತಗೊಂಡು ಎಲ್ಲಿ ಹೂಳ್ತಿ?" ಅಂದ ಅಪ್ಪ.

"ಜಾಗಾ ಸಿಕ್ಕಾಗ ಹೂಳೂಣು."

ಗಂಜಿ ಕೇಂದ್ರ ಮುಗಿಯಿತು, ತಾಡಪತ್ರಿ ಗುಡಿಸಲು ಬಂತು, ಆಮೇಲೆ ತಗಡಿನ ಶೆಡ್ಡು. ಎರಡೂವರೆ ವರ್ಷ ಅಲ್ಲೇ. ಬ್ಯಾಸಿಗೆಯಲ್ಲಿ ತಗಡು ಮುಟ್ಟಿದರೆ ಕೈ ಸುಡುವುದು. ದುಡಿಯಲು ಅಪ್ಪ ಗೋವಾಕ್ಕೆ ಹೋಗಿ ಬಂದು ಮಾಡುತ್ತಿದ್ದ. ಒಳ್ಳು ಮಾತ್ರ ಬಾಗಿಲ ಹೊರಗೆ ಅಡ್ಡ ಬಿದ್ದಿತ್ತು. ಆಯಿ ಕೂತಲ್ಲೇ ಕೂತಳು. ಹೊರಗೆ ಹೋಗಬೇಕಾದರೂ "ಯವ್ವಾ, ಕೈ ಕೊಡು" ಅನ್ನುವಳು. ಮನೆ ಇಲ್ಲದ್ದು ನಮ್ಮೆಲ್ಲರಿಗಿಂತ ಆಕೆಗೆ ಹೆಚ್ಚು ತಟ್ಟಿತು ಎಂದು ನಾನು ಈಗಲೂ ನಂಬಿದ್ದೇನೆ.

'ಆಸರೆ' ಯೋಜನೆಯಲ್ಲಿ ಹೊಳೆಯಿಂದ ದೂರ ಹೊಸ ಮನೆಗಳು ಎದ್ದವು, ದಾನಿಗಳ ದುಡ್ಡೂ ಸೇರಿ. ಮೊದಲ ಯಾದಿಯಲ್ಲಿ ನಮ್ಮ ಹೆಸರಿರಲಿಲ್ಲ. ಬಿದ್ದ ಮನೆಯ ಉತಾರ ಇನ್ನೂ ಸತ್ತುಹೋದ ಮುತ್ಯಾನ ಹೆಸರಲ್ಲೇ ಇತ್ತು. ಒಂದು ಉತಾರಕ್ಕೆ ಒಂದೇ ಮನೆ, ಅದು ದೊಡ್ಡಪ್ಪನಿಗೆ ಹೋಯಿತು. ಒಂದೇ ಸೂರಿನಡಿ ಮೂರು ಒಲೆ ಉರಿಯುತ್ತಿದ್ದವು ಅನ್ನುವುದು ಕಾಗದಕ್ಕೆ ಕಾಣಲಿಲ್ಲ. ಹೀಗೆ ಹೊರಗುಳಿದವರು ನಾವಷ್ಟೇ ಅಲ್ಲ. ಅಪ್ಪ ಬೇರೆ ರೇಶನ್ ಕಾರ್ಡು ಹಿಡಿದು ಕಚೇರಿಗೆ ಅದೆಷ್ಟು ಸಲ ಅಲೆದನೋ! ಬಸ್ಸಿನ ರೊಕ್ಕ ಉಳಿಸಲು ಒಂದೊಂದು ದಿನ ನಡೆದೇ ಬರುತ್ತಿದ್ದ. ಒಂದು ಸಂಜೆ ಬಂದು, ಚಪ್ಪಲಿ ಬಿಚ್ಚದೆ, ಒಳ್ಳಿನ ಮೇಲೆ ಕೂತು, "ನಾವು ಎಲ್ಲಿಯವರು ಅಂತ ನಾವs ತೋರಿಸಬೇಕಂತ" ಅಂದ. ಅಪ್ಪನ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಎರಡನೇ ಯಾದಿಯಲ್ಲಿ ಹೆಸರು ಬಂತು. 2012ರ ಬೇಸಿಗೆಯಲ್ಲಿ ಕೀಲಿ ಸಿಕ್ಕಿತು. ಒಂದು ಪಡಸಾಲೆ, ಒಂದು ಕೋಣೆ, ಸಣ್ಣ ಅಡುಗೆಮನೆ, ನುಣ್ಣನೆಯ ಸಿಮೆಂಟ್ ನೆಲ. ಹಾಲು ಉಕ್ಕಿಸಿದೆವು. ಒಳ್ಳು ಆಗಲೂ ಹೊರಗೇ ಉಳಿಯಿತು.

"ಯಾಕಬೇ?" ಎಂದು ಕೇಳಿದೆ.

"ಹಕ್ಕುಪತ್ರ ಕೈಗೆ ಬರ್ಲಿ. ಕಾಗದ ಇಲ್ಲದ ಮನಿ ಅಂದ್ರ ಇದೂ ಒಂದು ಶೆಡ್ಡ."

ಹಕ್ಕುಪತ್ರ ಬರಲು ಮತ್ತೆ ಒಂದು ಮಳೆಗಾಲ ಕಳೆಯಿತು. ಅಪ್ಪ-ಅವ್ವ ಇಬ್ಬರ ಹೆಸರೂ ಅದರಲ್ಲಿತ್ತು. ಓದಲು ಬಾರದ ಅವ್ವ ತನ್ನ ಹೆಸರು ಎಲ್ಲಿದೆ ಎಂದು ನನ್ನ ಬೆರಳು ಇಡಿಸಿಕೊಂಡು ನೋಡಿದಳು. ಮರುದಿನ ಬೆಳಗಾಗುತ್ತಲೇ ಹಾರೆಯ ಸದ್ದು. ಪಕ್ಕದ ಮನೆಯಾಕೆ ಓಡಿ ಬಂದಳು: "ಯಕ್ಕಾ, ಹೊಸಾ ನೆಲ ಒಡಿತೀಯಲ್ಲ!" ಅವ್ವ ತಲೆ ಎತ್ತಲಿಲ್ಲ. ಸಿಮೆಂಟು ಒಡೆದು, ಕುಣಿ ತೋಡಿ, ಅಪ್ಪನೂ ನಾನೂ ಸೇರಿ ಒಳ್ಳನ್ನು ಇಳಿಸಿದೆವು. ಸುತ್ತ ಕಲ್ಲು, ಮಣ್ಣು ಜಡಿದು ಗಟ್ಟಿ ಮಾಡಿದೆವು.

ಮಧ್ಯಾಹ್ನ ಅವ್ವ ಅದರಲ್ಲಿ ಶೇಂಗಾ ಹಿಂಡಿ ಕುಟ್ಟಿದಳು. ಆ ಸದ್ದು ಹಿಡಿದು ಆಯಿ ಗೋಡೆ ತಡವುತ್ತ ತಾನೇ ಬಂದಳು. ಬಗ್ಗಿ ಒಳ್ಳಿನ ಅಂಚನ್ನು ಸವರಿದಳು. ಹಿಮ್ಮಡಿಯನ್ನು ಅದಕ್ಕೆ ತಾಗಿಸಿ ನಿಂತು, ಬಾಗಿಲ ಕಡೆ ಹೆಜ್ಜೆ ಇಟ್ಟಳು. ಕೈ ಹಿಡಿಯಲು ನಾನು ಮುಂದೆ ಹೋದರೆ ಅವ್ವ ಕಣ್ಣಲ್ಲೇ ಬೇಡವೆಂದಳು.

ಹೊಸ್ತಿಲಿಗೆ ಕಾಲು ತಾಗಿದಾಗ ಆಯಿ ನಿಂತಳು.

"ಏಳು" ಅಂದಳು.