ವಿದೇಶಕ್ಕೆ ಹೊರಟ ಕಾಗದಪತ್ರಗಳು



ಡೊಂಬಿವಲಿ, ಕಲ್ಯಾಣ, ಠಾಣೆ, ವಾಶಿಗಳಲ್ಲಿ ಹುಟ್ಟಿ ಬೆಳೆದ ನಿಮ್ಮಲ್ಲಿ ಹಲವರು ಈಗ ಕೆನಡಾ, ಅಮೆರಿಕಾ ಎಂದು ಹೊರಟಿದ್ದೀರಿ. ಟಿಕೇಟಿನಿಂದ ಹಿಡಿದು ಉಪ್ಪಿನಕಾಯಿಯವರೆಗೆ ಎಲ್ಲದಕ್ಕೂ ನಿಮ್ಮ ಬಳಿ ಪಟ್ಟಿ ಇರುತ್ತದೆ. ಕಾಗದಪತ್ರಗಳ ಅನುವಾದ ಮಾತ್ರ ಕೊನೆಯ ವಾರದಲ್ಲಿ ನೆನಪಾಗುತ್ತದೆ. ಇಂಗ್ಲಿಷ್ ಬಿ.ಎ. ಮಾಡಿದವಳೆಂದು ನೆರೆಹೊರೆಯವರು ಅವನ್ನು ನನ್ನ ಬಳಿ ತರುವುದುಂಟು. ನಾನು ಅಧಿಕೃತ ಅನುವಾದಕಿಯಲ್ಲ. ಮೂಲದೊಂದಿಗೆ ತಾಳೆ ನೋಡಿಕೊಡುತ್ತೇನೆ, ಅಷ್ಟೇ.

ನಮ್ಮವರಿಗೆ ಈ ಕೆಲಸ ತುಸು ಹೆಚ್ಚೇ ತ್ರಾಸದಾಯಕ. ನಿಮ್ಮ ಹಳೆಯ ಜನನಪತ್ರ ಮರಾಠಿಯಲ್ಲಿ, ಅಮ್ಮನ ಶಾಲೆಯ ಸರ್ಟಿಫಿಕೇಟು ಕನ್ನಡದಲ್ಲಿ, ಪಾಸ್‌ಪೋರ್ಟು ಇಂಗ್ಲಿಷಿನಲ್ಲಿ. ಮೂರರಲ್ಲೂ ಒಬ್ಬಳೇ ಅಮ್ಮ ಕಾಣಬೇಕು!

ನಮ್ಮ ಸೊಸೈಟಿಯ ಹುಡುಗನೊಬ್ಬ ತಾಯಿಯನ್ನು ಟೊರಾಂಟೊಗೆ ಕರೆಸಿಕೊಳ್ಳಲು ಹೊರಟ. ಅವನ ಜನನಪತ್ರದಲ್ಲಿದ್ದುದು ತಾಯಿಗೆ ಮದುವೆಯ ದಿನ ಇಟ್ಟ ಹೆಸರು. ಆಕೆಯ ಪಾಸ್‌ಪೋರ್ಟಿನಲ್ಲೂ ಶಾಲೆಯ ಸರ್ಟಿಫಿಕೇಟಿನಲ್ಲೂ ತವರಿನ ಹೆಸರು. (ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಇಲ್ಲಿಯವರಲ್ಲಿ ಉಂಟು, ನಮ್ಮವರಲ್ಲೂ ಕೆಲವರಲ್ಲಿ ಉಂಟು. ಅಕ್ಕಿಯ ಮೇಲೆ ಹೆಸರು ಬರೆಯುವಾಗ ವೀಸಾದ ಯೋಚನೆ ಯಾರಿಗೆ?) ಸರ್ಟಿಫಿಕೇಟಿನ ಅನುವಾದ ಬಂತು. ನೋಡಿದರೆ, ಅನುವಾದಕ ಮಹಾಶಯರು ಉಪಕಾರ ಮಾಡುವ ಉತ್ಸಾಹದಲ್ಲಿ ತವರಿನ ಹೆಸರು ತೆಗೆದು ಮದುವೆಯ ಹೆಸರು ಹಾಕಿದ್ದರು! ಸಾಲದ್ದಕ್ಕೆ ಮೂಲದಲ್ಲಿದ್ದ ದಕ್ಷಿಣ ಕನ್ನಡ ಜಿಲ್ಲೆಯನ್ನು ಉಡುಪಿ ಜಿಲ್ಲೆ ಎಂದು ತಿದ್ದಿದ್ದರು. ಸರ್ಟಿಫಿಕೇಟು 1978ರದ್ದು, ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಇದನ್ನು ನೋಡಿದ ಅಧಿಕಾರಿ ಕಾಗದವೇ ಖೋಟಾ ಎಂದರೆ ಏನು ಉತ್ತರ ಕೊಡುವುದು?

ಅನುವಾದಕನಿಗೆ ತಿದ್ದುವ ಹಕ್ಕಿಲ್ಲ, ಮಕ್ಕಳೇ. ಮೂಲದಲ್ಲಿ ತಪ್ಪಿದ್ದರೆ ತಪ್ಪನ್ನೇ ಬರೆಯಬೇಕು. ಮುದ್ರೆಯ ಅಕ್ಷರ, ಅಂಚಿನ ಷರಾ ಕೂಡ ಬಿಡುವಂತಿಲ್ಲ. ಜನನಪತ್ರದ ತಪ್ಪನ್ನು ತಿದ್ದಬೇಕಾದವರು ರಿಜಿಸ್ಟ್ರಾರರು. ಅದಕ್ಕೆ 1969ರ ಜನನ ಮರಣ ನೋಂದಣಿ ಕಾಯಿದೆಯ 15ನೇ ಕಲಮು ಇದೆ. ನಮ್ಮ ಹುಡುಗ ಅನುವಾದವನ್ನು ಇದ್ದದ್ದು ಇದ್ದಂತೆ ಹೊಸದಾಗಿ ಮಾಡಿಸಿದ. ಎರಡೂ ಹೆಸರು ತನ್ನವೇ ಎಂದು ತಾಯಿ ನೋಟರಿಯ ಮುಂದೆ ಅಫಿಡವಿಟ್ ಮಾಡಿಕೊಟ್ಟರು.

ಮನೆಯವರೇ ಅನುವಾದಿಸಿದರೆ ಆಗದೇ ಎಂದು ಕೇಳುತ್ತೀರಿ. ಅರ್ಜಿದಾರರ ಮನೆಮಂದಿ ಮಾಡಿದ್ದನ್ನು ಕೆನಡಾದವರು ಒಪ್ಪುವುದಿಲ್ಲ, ಅವರು ವಕೀಲರೇ ಆಗಿದ್ದರೂ. ಅಲ್ಲಿ ಪ್ರಮಾಣಿತ ಅನುವಾದಕರು ಬೇಕು, ಇಲ್ಲವೇ ಅನುವಾದಕರ ಅಫಿಡವಿಟ್ ಬೇಕು. ಅಮೆರಿಕಾದ ವಲಸೆ ಇಲಾಖೆಗೆ, ತನಗೆ ಆ ಭಾಷೆಯಿಂದ ಇಂಗ್ಲಿಷಿಗೆ ಅನುವಾದಿಸುವ ಯೋಗ್ಯತೆ ಇದೆ, ಅನುವಾದ ಪೂರ್ಣವೂ ಸರಿಯೂ ಆಗಿದೆ ಎಂದು ಅನುವಾದಕರು ಸಹಿ ಮಾಡಿ ಕೊಡಬೇಕು.

ಇನ್ನು ಅಪೊಸ್ಟಿಲ್. 1961ರ ಹೇಗ್ ಒಪ್ಪಂದದ ಈ ಮುದ್ರೆ ನಮ್ಮ ದೇಶದಲ್ಲಿ 2005ರ ಜುಲೈ 14ರಿಂದ, ಕೆನಡಾದಲ್ಲಿ 2024ರ ಜನವರಿ 11ರಿಂದ ಜಾರಿಯಲ್ಲಿದೆ. ಸಹಿ, ಮೊಹರು ನಿಜವಾದವು ಎಂದಷ್ಟೇ ಅದು ಹೇಳುತ್ತದೆ. ಒಳಗೆ ಬರೆದದ್ದು ಸರಿಯೆಂದೂ ಹೇಳುವುದಿಲ್ಲ, ಅನುವಾದದ ಬದಲಿಗೂ ಬರುವುದಿಲ್ಲ.

ಇಲ್ಲಿಯ ಮಹಾನಗರಪಾಲಿಕೆಗಳು ಈಗ ಜನನಪತ್ರವನ್ನು ಮರಾಠಿ, ಇಂಗ್ಲಿಷ್ ಎರಡರಲ್ಲೂ ಕೊಡುತ್ತವೆ. ಹೊಸ ಪ್ರತಿ ತೆಗೆಸಿಕೊಂಡರೆ ಅರ್ಧ ತೊಂದರೆ ಕಳೆಯಿತು. ಊರಿನ ಕಾಗದಗಳೇ ಕಷ್ಟ. ಅಜ್ಜನ ಪಹಣಿಯಲ್ಲಿ ಹೆಸರಿನ ನಡುವೆ ‘ಬಿನ್’ ಎಂದಿದ್ದರೆ ಅದು ಮನೆತನದ ಹೆಸರಲ್ಲ, ಇಂಥವರ ಮಗ ಎಂದರ್ಥ. ಅಜ್ಜಿಯ ಹೆಸರಿನ ಮುಂದಿನ ‘ಕೋಂ’ ಎಂದರೆ ಇಂಥವರ ಹೆಂಡತಿ. ಮರಾಠಿ ಕಾಗದದ ‘ಕೈ.’ ಇನಿಷಿಯಲ್ ಅಲ್ಲ, ಕೈಲಾಸವಾಸಿ; ನಮ್ಮ ‘ದಿ.’ ಇದ್ದಂತೆ. ಮಾಸಿದ ಶಾಯಿಯಲ್ಲಿ ಕನ್ನಡದ ೩ ಯಾವುದು, ೬ ಯಾವುದು ಎಂದು ನನ್ನಂಥವಳೂ ಕನ್ನಡಕ ಏರಿಸಿ ನೋಡಬೇಕಾಗುತ್ತದೆ. ಹುಟ್ಟಿದ ತಿಂಗಳು ಮಾರ್ಚೋ ಜೂನೋ ಎಂಬುದು ಆ ಒಂದು ಸುಳಿಯಲ್ಲಿರುತ್ತದೆ.

ನಿಮ್ಮಲ್ಲಿ ಬಹಳ ಜನಕ್ಕೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅನುವಾದ ಕೈಸೇರಿದ ದಿನ ಮೂಲವನ್ನು ಅಮ್ಮನ ಕೈಗೆ ಕೊಡಿ, ಅನುವಾದವನ್ನು ನೀವು ಹಿಡಿದುಕೊಳ್ಳಿ. ಒಂದೊಂದೇ ಸಾಲನ್ನು ಅಮ್ಮ ಗಟ್ಟಿಯಾಗಿ ಓದಲಿ, ನೀವು ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಬನ್ನಿ.