ಮಹಡಿಯ ಬಚ್ಚಲು, ಅಮ್ಮನ ಗೋಡೆ

ಮಕ್ಕಳಿಗೆ ಸುಣ್ಣದ ತಿಳಿನೀರಿನ ಪ್ರಯೋಗ ತೋರಿಸುವುದೆಂದರೆ ನನಗೆ ಈಗಲೂ ಸಂಭ್ರಮ. ಕೊಳವೆಯಿಂದ ಉಸಿರು ಊದಿದರೆ ಸಾಕು, ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಸುಣ್ಣದೊಡನೆ ಕೂಡಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಯಿತು ಎಂದು ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತೇನೆ. ಹೀಗೆ ವರ್ಷವರ್ಷವೂ ಬರೆಯುತ್ತ ಬಂದವನ ಮನೆಯಲ್ಲೇ, ಅಮ್ಮ ಮಲಗುವ ಕೋಣೆಯ ಗೋಡೆಯಲ್ಲಿ, ಅದೇ ವಸ್ತು ಬಣ್ಣದ ಪದರವನ್ನು ಸೀಳಿಕೊಂಡು ಬಿಳಿ ಹಿಟ್ಟಾಗಿ ಉದುರುತ್ತಿತ್ತು. ಅದು ನನ್ನ ಕಣ್ಣಿಗೆ ಬಿದ್ದದ್ದು 2021ರಲ್ಲಿ. ಅದೂ ಅಮ್ಮನ ಮಂಚ ಗೋಡೆಯಿಂದ ಮೂರಡಿ ಈಚೆಗೆ ಬಂದಿದೆಯಲ್ಲ, ಯಾಕೆ ಎಂದು ನೋಡಹೋದಾಗ.

"ಗೋಡೆ ತಣ್ಣಗೆ ಹೊಡೆಯುತ್ತೆ ಕಣೋ" ಎಂದಳು ಅಮ್ಮ.

"ಎಷ್ಟು ದಿನದಿಂದ?"

"ಹೋದ ವರ್ಷದಿಂದ. ಸಾಲ ಮಾಡಿ ಮಹಡಿ ಕಟ್ಟಿಸಿದ್ದೀಯ, ನಿನಗೆ ಏನಂತ ಹೇಳಲಿ?"

ಪುಡಿಯನ್ನು ಕೆರೆದು ಗಾಜಿನ ಚೂರಿನ ಮೇಲಿಟ್ಟು ನಿಂಬೆರಸ ಹಿಂಡಿದೆ. ನೊರೆ ಎದ್ದಿತು. ನನ್ನೊಳಗಿನ ಮೇಷ್ಟರಿಗೆ ಒಂದು ಕ್ಷಣ ಖುಷಿಯಾಯಿತೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ಅದೇ ಗೋಡೆಗೆ ಒರಗಿಸಿದ್ದ ಅಮ್ಮನ ಟ್ರಂಕನ್ನು ಆಮೇಲೆ ತೆರೆದೆವು. ಅಪ್ಪ ಪರವೂರಿನಲ್ಲಿ ಕೆಲಸದಲ್ಲಿದ್ದಾಗ ಬರೆದ ಇನ್‌ಲ್ಯಾಂಡ್ ಪತ್ರಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು. ಬಿಡಿಸಹೋದರೆ ಹರಿಯುತ್ತಿದ್ದವು. ಶಾಯಿ ಹರಡಿ ಅಕ್ಷರವೇ ಉಳಿದಿರಲಿಲ್ಲ. ಅಮ್ಮ ಏನೂ ಹೇಳದೆ ಟ್ರಂಕು ಮುಚ್ಚಿದಳು.

ಆ ಕೋಣೆಯ ನೆತ್ತಿಯ ಮೇಲೇ ಮಹಡಿಯ ಬಚ್ಚಲು. ಅದನ್ನು ಕಟ್ಟಿಸಿದ್ದು 2008ರಲ್ಲಿ. ಗೃಹಪ್ರವೇಶಕ್ಕೆ ಹನ್ನೊಂದು ದಿನ ಉಳಿದಿತ್ತು. ಆಮಂತ್ರಣ ಪತ್ರಿಕೆ ಹಂಚಿಯಾಗಿತ್ತು. ಮೇಸ್ತ್ರಿ ಚಾಣ ಸುತ್ತಿಗೆ ಹಿಡಿದು ನುಣ್ಣನೆಯ ಗೋಡೆಗೆ ಒತ್ತೊತ್ತಾಗಿ ಕಚ್ಚು ಹಾಕಲು ಹೊರಟರು. "ಹೊಸ ಗೋಡೆಗೆ ಯಾಕ್ರೀ ಗಾಯ ಮಾಡ್ತೀರಿ?" ಎಂದು ನಾನೇ ತಡೆದೆ. "ಮೇಷ್ಟ್ರೇ, ನುಣುಪಾದ ಗೋಡೆಗೆ ಗಾರೆ ಕಚ್ಚಿಕೊಳ್ಳಲ್ಲ. ಆಮೇಲೆ ನೆಲದಲ್ಲಿ ಎರಡು ದಿನ ನೀರು ನಿಲ್ಲಿಸಿ ನೋಡಬೇಕು" ಎಂದರು. ಎರಡು ದಿನವೇ! ನಾನು ಮುಹೂರ್ತದ ಕಡೆ ಬೆರಳು ತೋರಿಸಿದೆ. ಅವರು ನನ್ನ ಮುಖ ನೋಡಿ ಚಾಣ ಕೆಳಗಿಟ್ಟರು. ರಾತ್ರಿ ಬಲ್ಬು ಹಾಕಿಸಿ ಟೈಲ್ಸ್ ಕೂರಿಸಿದ್ದಾಯಿತು. ಗೃಹಪ್ರವೇಶಕ್ಕೆ ಬಂದವರೆಲ್ಲ ಬಚ್ಚಲು ನೋಡಿ ಹೊಗಳಿದರು.

ಟೈಲ್ಸ್ ಹಾಕಿದ ಮೇಲೆ ನೀರು ಒಳಗೆ ಹೋಗುವುದಿಲ್ಲ ಎಂಬುದು ನಮ್ಮಲ್ಲಿ ಬಹಳ ಜನರ ನಂಬಿಕೆ. ನನ್ನದೂ ಅದೇ ಆಗಿತ್ತು. ಟೈಲ್ಸ್‌ನ ಮೇಲ್ಮೈ ನೀರು ಬಿಡದಿರಬಹುದು, ಆದರೆ ಎರಡು ಟೈಲ್ಸ್ ನಡುವಿನ ಸಂದು? ಅಲ್ಲಿ ತುಂಬಿದ ಸಿಮೆಂಟಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ದೀಪದ ಬತ್ತಿ ಎಣ್ಣೆ ಹೀರಿದಂತೆ ಅವು ನೀರು ಹೀರುತ್ತವೆ. ಮನೆಮಂದಿಯೆಲ್ಲ ದಿನಾ ಸ್ನಾನ ಮಾಡಿದರೆ ಟೈಲ್ಸ್ ಕೆಳಗಿನ ಗಾರೆ ಒಣಗುವುದೇ ಇಲ್ಲ. ಹಾಗೆ ಇಳಿದ ನೀರು ಸಿಮೆಂಟಿನ ಸುಣ್ಣವನ್ನು ಕರಗಿಸಿಕೊಂಡು ಹೊರಟು, ಕೆಳಗಿನ ಗೋಡೆಯಲ್ಲಿ ಗಾಳಿಯನ್ನು ಕಂಡ ಕೂಡಲೇ ಬಿಳಿ ಹಿಟ್ಟನ್ನು ಬಿಟ್ಟು ಆವಿಯಾಗುತ್ತದೆ. ನೀರನ್ನು ತಡೆಯಬೇಕಾದದ್ದು ಟೈಲ್ಸ್ ಅಲ್ಲ, ಅದರ ಹಿಂದೆ ಇರುವ, ಯಾರೂ ಹೊಗಳದ ಪದರ.

2022ರ ಬೇಸಿಗೆ ರಜೆಯಲ್ಲಿ ಅದೇ ಮೇಸ್ತ್ರಿಯನ್ನು ಕರೆಸಿದೆ. ತಲೆ ನರೆತಿತ್ತು. ಬೆರಳಿನ ಗೆಣ್ಣಿನಿಂದ ಗೋಡೆ ತಟ್ಟುತ್ತ ಹೋದರು. ಟೊಳ್ಳು, ಟೊಳ್ಳು, ಗಟ್ಟಿ, ಟೊಳ್ಳು. ಒಂದು ಟೈಲ್ಸ್ ಚಾಣ ತಾಗಿಸುತ್ತಲೇ ಇಡಿಯಾಗಿ ಕೈಗೆ ಬಂತು. ಅದರ ಬೆನ್ನ ಮೇಲೆ ಐದೇ ಐದು ಉಂಡೆ ಸಿಮೆಂಟು, ಮಿಕ್ಕದ್ದೆಲ್ಲ ಅಂಗಡಿಯಿಂದ ತಂದಷ್ಟೇ ಚೊಕ್ಕಟ. "ಆವತ್ತು ನೀವು ಹೇಳಿದ್ರಿ, ನಾನು ಕೇಳಿದೆ. ಕೇಳಬಾರದಿತ್ತು" ಎಂದರು. ನನ್ನ ತಪ್ಪನ್ನು ಅರ್ಧ ಅವರೇ ಹೊತ್ತುಕೊಂಡ ಬಗೆ ಅದು.

ಈ ಸಲ ನಾನು ಬಾಯಿ ಮುಚ್ಚಿಕೊಂಡಿದ್ದೆ. ಹಳೆಯ ಗಾರೆಯನ್ನು ಗಟ್ಟಿ ತಳ ಸಿಗುವವರೆಗೆ ಕಿತ್ತು, ಧೂಳಿನ ಕಣವೂ ಉಳಿಯದಂತೆ ತೊಳೆದರು. ಧೂಳಿದ್ದರೆ ಗಾರೆ ಧೂಳನ್ನು ಹಿಡಿಯುತ್ತದೆಯೇ ಹೊರತು ಗೋಡೆಯನ್ನಲ್ಲ. ಗೋಡೆಗೆ ಕಚ್ಚು ಬಿತ್ತು. ತೂಕದ ಗುಂಡು ಇಳಿಬಿಟ್ಟು ಗೋಡೆ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಗುರುತು ಹಾಕಿದರು. ಮೂಲೆ ನೋಡಲು ದಾರದಲ್ಲಿ ಮೂರಡಿ, ನಾಲ್ಕಡಿ ಅಳೆದು, ಅಡ್ಡಕ್ಕೆ ಐದಡಿ ಬರುತ್ತದೆಯೇ ಎಂದು ಹಿಡಿದರು. ಪೈಥಾಗೊರಸನ ಹೆಸರು ಕೇಳದವರ ಕೈಯಲ್ಲಿ ಅವನ ಪ್ರಮೇಯ ಎಷ್ಟು ಸಲೀಸಾಗಿ ಓಡಾಡುತ್ತಿತ್ತು! ನೆಲದ ವಾಟ ಐದಡಿಗೆ ಮುಕ್ಕಾಲು ಅಂಗುಲ. ಅದಕ್ಕಿಂತ ಕಡಿಮೆಯಾದರೆ ನೀರು ನಿಲ್ಲುತ್ತದೆ, ಬಹಳ ಹೆಚ್ಚಾದರೆ ವಯಸ್ಸಾದವರ ಕಾಲು ಜಾರುತ್ತದೆ. ಗಾರೆ ಮೆತ್ತಿದ ಮೇಲೆ ಏಳು ದಿನ ನೀರು ಹೊಡೆದೆವು. ಸಿಮೆಂಟು ಒಣಗಿ ಗಟ್ಟಿಯಾಗುವುದಿಲ್ಲ, ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. ಇದನ್ನೂ ನಾನು ಪಾಠ ಮಾಡಿದ್ದೇನೆ ಬಿಡಿ. ಗೋಡೆ ನೆಲ ಕೂಡುವ ಮೂಲೆಗಳನ್ನು ದುಂಡಗೆ ಮಾಡಿ, ನೀರು ತಡೆಯುವ ಲೇಪವನ್ನು ಒಮ್ಮೆ ಅಡ್ಡ, ಅದು ಒಣಗಿದ ಮೇಲೆ ಒಮ್ಮೆ ಉದ್ದ ಬಳಿದರು. ಷವರ್ ಇರುವ ಗೋಡೆಗೆ ಆಳೆತ್ತರಕ್ಕೆ, ಮಿಕ್ಕೆಡೆ ಒಂದಡಿಗೆ.

ಆಮೇಲೆ ನೀರು ನಿಲ್ಲಿಸುವ ದಿನ. ಬಚ್ಚಲ ಕಂಡಿಗೆ ಬಟ್ಟೆ ತುರುಕಿ, ಹೊಸಿಲಿಗೆ ಕಟ್ಟೆ ಕಟ್ಟಿ, ನಾಲ್ಕು ಬೆರಳು ನೀರು ತುಂಬಿಸಿ ಗೋಡೆಗೆ ಗೆರೆ ಎಳೆದರು. ಒಂದು ಅಗಲವಾದ ಬೇಸನ್ನಿಗೂ ಅಷ್ಟೇ ನೀರು ತುಂಬಿ ನಾನು ಪಕ್ಕದಲ್ಲಿಟ್ಟೆ. "ಅದ್ಯಾಕೆ ಮೇಷ್ಟ್ರೇ?" ಎಂದರು. ಆವಿಯಾಗಿ ಹೋಗುವುದೆಷ್ಟು, ಸೋರಿ ಹೋಗುವುದೆಷ್ಟು ಬೇರೆಬೇರೆ ತಿಳಿಯಬೇಕಲ್ಲ ಎಂದೆ. ಅವರಿಗೆ ಅದು ಬಹಳ ಹಿಡಿಸಿತು. ಎರಡು ದಿನದ ಮೇಲೆ ಬೇಸನ್ನಿನ ನೀರು ಕೂದಲೆಳೆಯಷ್ಟು ಇಳಿದಿತ್ತು. ನೆಲದ ನೀರು ಅರ್ಧ ಅಂಗುಲ ಇಳಿದಿತ್ತು! ಕೆಳಗೆ ಓಡಿ ನೋಡಿದರೆ ಅಮ್ಮನ ಕೋಣೆಯ ಸೂರಿನಲ್ಲಿ, ಪೈಪು ಇಳಿಯುವ ಕಡೆ, ರೂಪಾಯಿ ಅಗಲದ ಒದ್ದೆ. ಕಂಡಿಯ ಸುತ್ತ ಮತ್ತೆ ಅಗೆದು, ಪೈಪಿನ ಸಂದು ಭದ್ರ ಮಾಡಿ, ಲೇಪ ಬಳಿದು, ಮತ್ತೆ ನೀರು ತುಂಬಿಸಿದೆವು. ಎರಡನೆಯ ಸಲ ಎರಡೂ ಒಂದೇ ಸಮ ನಿಂತವು.

ಟೈಲ್ಸ್ ಕೂರಿಸಲು ಹಿಡಿದದ್ದು ಮೂರೇ ದಿನ. ಅದಕ್ಕೆ ಮುಂಚಿನ ಕೆಲಸಕ್ಕೆ ಐದು ವಾರ.

ಕೆಳಗಿನ ಗೋಡೆ ಒಣಗಿದ ಮೇಲೆ ಬಣ್ಣ ಹೊಡೆಸಿದೆ. "ಮಂಚ ಮೊದಲಿನ ಜಾಗಕ್ಕೆ ಹಾಕಲೇನಮ್ಮ?" ಎಂದು ಕೇಳಿದೆ. ಅಮ್ಮ ಅಂಗೈಯನ್ನು ಗೋಡೆಗೆ ಒತ್ತಿ ಸ್ವಲ್ಪ ಹೊತ್ತು ನಿಂತಳು. "ಈ ಮಳೆಗಾಲ ಒಂದು ಕಳೀಲಿ" ಎಂದಳು. ಬಚ್ಚಲ ಸೋರಿಕೆಗೂ ಮಳೆಗೂ ಸಂಬಂಧವಿಲ್ಲ ಎಂದು ವಿವರಿಸಲು ಬಾಯಿ ತೆರೆದವನು ಸುಮ್ಮನಾದೆ. ಆ ವರ್ಷ ದೀಪಾವಳಿಯ ಹಿಂದಿನ ದಿನ, ನೀರು ತುಂಬುವ ಹಬ್ಬಕ್ಕೆ ಹಂಡೆ ತೊಳೆಯುತ್ತಿದ್ದಾಗ, ಅಮ್ಮ ಒಳಗಿನಿಂದ ಕೂಗಿ ಮಂಚದ ಒಂದು ಕಡೆ ಹಿಡಿಯಲು ಕರೆದಳು.