ಕುರ್ಚಿ ಕಲಿಸದ ಪಾಠ



ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಅಲ್ಲಿನ ಪ್ರಾಧ್ಯಾಪಕರು ಎಷ್ಟು ಓದಿದ್ದಾರೆ, ಫಲಿತಾಂಶ ಹೇಗಿದೆ ಎಂದು ನಾವು ವಿಚಾರಿಸುತ್ತೇವೆ. ಆ ಕಾಲೇಜನ್ನು ನಡೆಸುವವರು ನಡೆಸುವ ವಿದ್ಯೆಯನ್ನು ಎಲ್ಲಿ ಕಲಿತರು ಎಂದು ಯಾರೂ ಕೇಳುವುದಿಲ್ಲ. ಬಸ್ಸು ಓಡಿಸಲು ಪರವಾನಗಿ ಬೇಕು. ಆದರೆ ಇಪ್ಪತ್ತು ವರ್ಷ ಚೆನ್ನಾಗಿ ಪಾಠ ಹೇಳಿದವರು ಒಂದು ಬೆಳಿಗ್ಗೆ ವಿಭಾಗದ ಮುಖ್ಯಸ್ಥರೋ ಪ್ರಾಂಶುಪಾಲರೋ ಆಗಿಬಿಡುತ್ತಾರೆ. ಹಾರ ಹಾಕುತ್ತೇವೆ, ಬೀಗದ ಕೈ ಕೊಡುತ್ತೇವೆ. ಉಳಿದದ್ದನ್ನು ಕುರ್ಚಿಯೇ ಕಲಿಸುತ್ತದೆಂದು ನಂಬುತ್ತೇವೆ.

ನಾನೂ ಹಾಗೆ ನಂಬಿದ್ದವನು. ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿದ್ದೆ. ಮೇಲಿನವರಿಗೆ ವಿಧೇಯನಾಗಿರುವುದನ್ನು ಕಲಿತಿದ್ದೆ. ಇತರರು ನನ್ನ ಮಾತು ಕೇಳಬೇಕಾದ ಸ್ಥಾನದಲ್ಲಿ ಹೇಗಿರಬೇಕೆಂಬುದನ್ನು ಮಾತ್ರ ಕಲಿತಿರಲಿಲ್ಲ. ಕಾಲೇಜೊಂದರಲ್ಲಿ ವಿಭಾಗದ ಹೊಣೆ ನನ್ನ ಹೆಗಲಿಗೆ ಬಂದ ವರ್ಷ, ಹಿರಿಯ ಸಹೋದ್ಯೋಗಿಯೊಬ್ಬರು ಹದಿನೆಂಟು ವರ್ಷಗಳಿಂದ ಬೋಧಿಸುತ್ತಿದ್ದ ಪತ್ರಿಕೆಯನ್ನು ಹೊಸಬರೊಬ್ಬರಿಗೆ ವಹಿಸಿದೆ. ಪಠ್ಯಕ್ರಮ ಬದಲಾಗಿದ್ದರಿಂದ ಕಾರಣ ಸರಿಯಾಗಿಯೇ ಇತ್ತು. ಆದರೆ ಅವರನ್ನು ಒಂದು ಮಾತು ಕೇಳಲಿಲ್ಲ. ಸೂಚನಾ ಫಲಕದ ವೇಳಾಪಟ್ಟಿಯನ್ನು ನೋಡಿ ಅವರು ತಿಳಿದುಕೊಂಡರು. ಜಗಳವಾಡಲಿಲ್ಲ, ಅಂದಿನಿಂದ ಸಭೆಗಳಲ್ಲಿ ಬಾಯಿ ತೆರೆಯಲಿಲ್ಲ. ಆ ಮೌನವನ್ನು ನಾನು ಒಪ್ಪಿಗೆಯೆಂದು ತಿಳಿದೆ.

ಅಧ್ಯಾಪಕರಿಗೂ ತರಬೇತಿ ಬೇಕೆಂಬ ಯೋಚನೆ ನಮ್ಮ ದೇಶಕ್ಕೆ ಹೊಸದಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿಯೂ ಅವು ನಡೆದವು. ಅಲ್ಲಿನ ನಾಲ್ಕು ವಾರಗಳ ಓರಿಯಂಟೇಶನ್ ಕೋರ್ಸಿಗೆ ನಮ್ಮಲ್ಲಿ ಅನೇಕರು ಹೋದದ್ದು ಬಡ್ತಿಗೆ ಅದು ಬೇಕಾಗಿತ್ತೆಂಬ ಕಾರಣದಿಂದ. 2018ರಲ್ಲಿ ಕೇಂದ್ರ ಸರ್ಕಾರವು 'ಲೀಪ್' ಎಂಬ ಯೋಜನೆಯನ್ನು ಪ್ರಕಟಿಸಿತು. ಮುಂದೆ ಉನ್ನತ ಹುದ್ದೆಗೇರಬಹುದಾದ ಪ್ರಾಧ್ಯಾಪಕರಿಗೆ ಎರಡು ವಾರ ದೇಶದಲ್ಲಿ, ಒಂದು ವಾರ ವಿದೇಶದಲ್ಲಿ ನಾಯಕತ್ವದ ತರಬೇತಿ ಕೊಡುವುದು ಅದರ ಉದ್ದೇಶವಾಗಿತ್ತು.

ನಾನು ಹೋದದ್ದು ಇದಕ್ಕಿಂತ ಬಹಳ ಚಿಕ್ಕದೊಂದು ಶಿಬಿರಕ್ಕೆ. ಆಯವ್ಯಯ, ಸೇವಾ ನಿಯಮ, ನ್ಯಾಕ್ ಮೌಲ್ಯಮಾಪನ ಎಲ್ಲದರ ಬಗೆಗೂ ಉಪನ್ಯಾಸಗಳಿದ್ದವು. ಒಂದು ಮಧ್ಯಾಹ್ನ ನಮ್ಮನ್ನು ಇಬ್ಬಿಬ್ಬರಾಗಿ ಕೂರಿಸಿದರು. ಒಬ್ಬರು ತಮ್ಮ ಕಷ್ಟವನ್ನು ಹೇಳಬೇಕು, ಇನ್ನೊಬ್ಬರು ಹತ್ತು ನಿಮಿಷ ಸಲಹೆ ಕೊಡದೆ ಕೇಳಬೇಕು. ಮೂರನೆಯ ನಿಮಿಷಕ್ಕೇ ನನ್ನ ಬಾಯಿಂದ ಸಲಹೆ ಹೊರಬಿತ್ತು. ಎದುರಿಗಿದ್ದವರು ನಕ್ಕರು. ಪಾಪನಿವೇದನೆ ಕೇಳಲು ಗಂಟೆಗಟ್ಟಲೆ ಕುಳಿತುಕೊಳ್ಳುವ ಗುರು ನಾನು! ನನಗೆ ನಗು ಬರಲಿಲ್ಲ. ಆ ಸಹೋದ್ಯೋಗಿಯ ಮುಚ್ಚಿದ ಬಾಯಿ ಕಣ್ಣೆದುರಿಗೆ ಬಂತು.

ಪಾಂಡಿತ್ಯ ಬೇರೆ, ಜನರನ್ನು ಜೊತೆಗೂಡಿಸಿಕೊಂಡು ಹೋಗುವುದು ಬೇರೆ. 2019ರಲ್ಲಿ ಸಂತಪದವಿಗೇರಿದ ಜಾನ್ ಹೆನ್ರಿ ನ್ಯೂಮನ್‌ರವರು 1854ರಲ್ಲಿ ಡಬ್ಲಿನ್‌ನಲ್ಲಿ ಆರಂಭವಾದ ಕಥೋಲಿಕ ವಿಶ್ವವಿದ್ಯಾನಿಲಯದ ಮೊದಲ ರೆಕ್ಟರ್ ಆಗಿದ್ದರು. ವಿಶ್ವವಿದ್ಯಾನಿಲಯವೆಂದರೇನು ಎಂಬುದನ್ನು ಅವರಷ್ಟು ಆಳವಾಗಿ ಬರೆದವರು ವಿರಳ. ಆದರೂ ಧರ್ಮಾಧ್ಯಕ್ಷರೊಡನೆ ಭಿನ್ನಾಭಿಪ್ರಾಯ, ಬರ್ಮಿಂಗ್‌ಹ್ಯಾಮ್ ಮತ್ತು ಡಬ್ಲಿನ್‌ಗಳ ನಡುವಿನ ಓಡಾಟ ಇವುಗಳಿಂದ ಬಳಲಿ 1858ರಲ್ಲಿ ಆ ಹೊಣೆಯನ್ನು ಬಿಟ್ಟರು. ಅಂಥ ಮಹಾತ್ಮರಿಗೇ ಆ ಕೆಲಸ ಭಾರವಾಗಿತ್ತೆಂದ ಮೇಲೆ ನಮ್ಮಂಥವರು ಕಲಿಯುವುದಕ್ಕೆ ನಾಚಬೇಕೇಕೆ?

ಪವಿತ್ರ ಗ್ರಂಥದಲ್ಲಿಯೂ ಇಂಥ ತರಬೇತಿಯೊಂದಿದೆ. ವಿಮೋಚನಾಕಾಂಡದ 18ನೇ ಅಧ್ಯಾಯವನ್ನು ತೆರೆದು ನೋಡಿ. ಬೆಳಗಿನಿಂದ ಸಂಜೆಯವರೆಗೆ ಮೋಶೆ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದುದನ್ನು ಮಾವನಾದ ಇತ್ರೋ ಕಂಡನು. ಹೀಗೆ ಮಾಡಿದರೆ ನೀನೂ ದಣಿಯುವೆ, ಜನರೂ ದಣಿಯುವರು. ಯೋಗ್ಯರನ್ನು ಆರಿಸಿ ಹೊಣೆ ಹಂಚು ಎಂದು ಬುದ್ಧಿ ಹೇಳಿದನು. ದೇವರೊಡನೆ ಮಾತನಾಡುತ್ತಿದ್ದ ಮೋಶೆ ಮಾವನ ಮಾತನ್ನು ಕೇಳಿದನು. ಅವನ ನಾಯಕತ್ವ ನನಗೆ ಅತ್ಯಂತ ಹತ್ತಿರದಿಂದ ಕಾಣಿಸುವುದು ಅಲ್ಲಿಯೇ.

ಶಿಬಿರದಿಂದ ಬಂದ ಮೇಲೆ ಆ ಸಹೋದ್ಯೋಗಿಯ ಮನೆಗೆ ಹೋದೆ. ಅವರು ಆಗಲೇ ನಿವೃತ್ತರಾಗಿದ್ದರು. ಕಾಫಿ ಕೊಟ್ಟರು. ನಾನು ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಪತ್ರಿಕೆ ಹೋದದ್ದಕ್ಕೆ ಬೇಸರವಿಲ್ಲ ಫಾದರ್. ಒಂದು ಮಾತು ಕೇಳಿದ್ದರೆ ನನ್ನ ಟಿಪ್ಪಣಿಗಳನ್ನೆಲ್ಲ ಆ ಹುಡುಗನಿಗೆ ನಾನೇ ಕೊಡುತ್ತಿದ್ದೆ. ಯಾರಿಗೂ ಬೇಡವೆಂದುಕೊಂಡು ರದ್ದಿಗೆ ಹಾಕಿಬಿಟ್ಟೆ."

ಅವರು ನನ್ನನ್ನು ಕ್ಷಮಿಸಿದರು. ಆದರೆ ಹದಿನೆಂಟು ವರ್ಷಗಳ ಆ ಟಿಪ್ಪಣಿಗಳು ಮರಳಿ ಬರಲಿಲ್ಲ. ನನ್ನ ಒಂದು ಮಾತಿನ ಕೊರತೆಯಿಂದ ಎಷ್ಟು ವಿದ್ಯಾರ್ಥಿಗಳು ಏನನ್ನು ಕಳೆದುಕೊಂಡರೋ ದೇವರೇ ಬಲ್ಲ.

ಪ್ರತಿ ವರ್ಷ ಪವಿತ್ರ ಗುರುವಾರ ಹನ್ನೆರಡು ಮಂದಿಯ ಪಾದ ತೊಳೆಯಲು ಬಾಗುವಾಗ ಅವರ ನೆನಪಾಗುತ್ತದೆ. ಪಾದ ತೊಳೆಯುವವನು ಮೊದಲು ಕುರ್ಚಿಯಿಂದ ಏಳಲೇಬೇಕು. ಓದುಗರೇ, ನಿಮಗೂ ಒಂದಲ್ಲ ಒಂದು ಕುರ್ಚಿಯಿದೆ. ನೀವು ಮನೆಯ ಯಜಮಾನರಾಗಿರಬಹುದು, ಸಂಘದ ಅಧ್ಯಕ್ಷೆಯಾಗಿರಬಹುದು, ಪಾಲನಾ ಪರಿಷತ್ತಿನ ಕಾರ್ಯದರ್ಶಿಯಾಗಿರಬಹುದು. ನಿಮ್ಮ ನಿರ್ಧಾರದಿಂದ ಮೌನವಾದವರು ಯಾರಾದರೂ ಇದ್ದಾರೆಯೇ? ಅವರ ಟಿಪ್ಪಣಿಗಳು ರದ್ದಿಗೆ ಹೋಗುವ ಮುನ್ನ ಈ ವಾರವೇ ಅವರಲ್ಲಿಗೆ ಹೋಗಿ ಕುಳಿತು ಕೇಳಿ.